ಉಯಿಲಿನಲ್ಲಿ ಮಗಳ ಹೆಸರು

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು, ಈ ಮನುಷ್ಯ ಎಷ್ಟು ಹೊತ್ತು ಮಾತಾಡುತ್ತಾನೋ ಎಂದು ಈಗಲೇ ಗಡಿಯಾರ ನೋಡಿಕೊಂಡ ಮಾನ್ಯ ಲಕ್ಷ್ಮೀನರಸಿಂಹ ಅವರೇ, ನಮಗಾಗಿ ಬೆಂಗಳೂರಿನಿಂದ ವಿಮಾನ ಹತ್ತಿ ಬಂದಿರುವ ಮುಖ್ಯ ಅತಿಥಿಗಳೂ ಕೈದೀಪ ಸೇವಾ ಸಂಸ್ಥೆಯ ವಕೀಲರೂ ಆದ ಶ್ರೀಮತಿ ನಿಖಿತಾ ಅವರೇ, ನಮ್ಮ ಸಂಘದ ಪದಾಧಿಕಾರಿಗಳೇ, ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ತಾಳ್ಮೆಯ ಸಭಿಕರೇ, ತಾಯಂದಿರೇ, ಕನ್ನಡ ಅರ್ಥವಾದರೂ ಅರ್ಥವಾಗದ ಹಾಗೆ ಮುಖ ಮಾಡಿಕೊಂಡಿರುವ ಮಕ್ಕಳೇ,

ನಾನು ಪ್ರವೀಣ ಮುದಕಪ್ಪ ಅಂಗಡಿ. ಗದಗ ಕಡೆಯವನು. ನಮ್ಮ ಈ ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಎಸಿ ರಿಪೇರಿ ಮಾಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನರ ಹೆಸರು ನನಗೆ ನೆನಪಿರುವುದಿಲ್ಲ, ಕಂಪ್ರೆಸರ್ ಮಾತ್ರ ನೆನಪಿರುತ್ತದೆ. ಮೂರನೆಯ ಸಾಲಿನಲ್ಲಿ ಕುಳಿತವರೊಬ್ಬರು ಈಗ ತಲೆ ತಗ್ಗಿಸಿದರು. ತಗ್ಗಿಸಬೇಡಿ ಸಾರ್, ಹೆಸರು ಹೇಳುವುದಿಲ್ಲ. ಆದರೆ ಬೇಸಿಗೆ ಬರುವ ಮೊದಲು ಒಮ್ಮೆ ಬಂದು ತೋರಿಸಿ.

ಈಗ ತಾನೆ ನಿರೂಪಕರು ಮೈಕಿನಲ್ಲಿ ಏನೆಂದು ಕೂಗಿದರು? "ಇಂದಿನ ಸನ್ಮಾನಿತರು, ಕುಮಾರಿ ಸ್ನೇಹಾ ಗುರುಪಾದ ಹೊಸಮನಿ." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಧ್ಯಕ್ಷರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅದಾದ ಮೇಲೆ "ಈಗ ಅವರ ತಂದೆಯವರು ಮಾತನಾಡುತ್ತಾರೆ" ಎಂದರು, ಮೈಕಿನ ಮುಂದೆ ಬಂದು ನಿಂತದ್ದು ನಾನು. ಗುರುಪಾದ ನನ್ನ ಹೆಸರಲ್ಲ. ಹೊಸಮನಿ ನನ್ನ ಅಡ್ಡಹೆಸರಲ್ಲ. ಕೆಲವರು ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯನ್ನು ಮತ್ತೊಮ್ಮೆ ಓದಿ ನನ್ನ ಮುಖ ನೋಡಿದ್ದು ನನಗೆ ಕಂಡಿತು. ಅಚ್ಚಿನ ತಪ್ಪು ಎಂದುಕೊಂಡಿರಾ? ಅಚ್ಚಿನ ತಪ್ಪಲ್ಲ. ಹಾಗೆಯೇ ಹಾಕಿಸಿ ಎಂದು ಕಾರ್ಯದರ್ಶಿಗಳಿಗೆ ಹೇಳಿದವನು ನಾನು.

ಅದು ಹೇಗೆ ಎಂದು ಹೇಳಬೇಕಾದರೆ ನಾನು ಉಯಿಲು ಬರೆದ ಸಂಗತಿಯನ್ನು ಹೇಳಬೇಕು. ಕಾರ್ಯಕ್ರಮದ ಉದ್ದೇಶವೂ ಅದೇ ಆಗಿರುವುದರಿಂದ ಅಧ್ಯಕ್ಷರು ಬೇಡವೆನ್ನಲಾರರು.

ಉಯಿಲು ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಜನ ಏನು ಮಾಡುತ್ತಾರೆ? ಮೊದಲು ಬಿಪಿ ಕೇಳುತ್ತಾರೆ, ಆಮೇಲೆ ಶುಗರ್ ಕೇಳುತ್ತಾರೆ. ನನ್ನ ಗ್ಯಾರೇಜಿನ ಪಕ್ಕದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಯೂಸುಫ್, ಮಂಗಳೂರಿನ ಕಡೆಯವರು, ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಪ್ರವೀಣ್ ಭಾಯಿ, ರಿಪೋರ್ಟಲ್ಲಿ ಎಂತ ಬಂತು? ನನ್ನ ಹತ್ರ ಹೇಳಿ, ಯಾರಿಗೂ ಹೇಳುದಿಲ್ಲ." ರಿಪೋರ್ಟೂ ಇಲ್ಲ, ಏನೂ ಇಲ್ಲ, ಸುಮ್ಮನೆ ಬರೆಯುತ್ತಿದ್ದೇನೆ ಎಂದರೆ ಅವರಿಗೆ ಇನ್ನೂ ಗಾಬರಿ.

ಹಾಗಾದರೆ ನಾನೇಕೆ ಬರೆಯಲು ಹೊರಟೆ? ದೊಡ್ಡ ದೂರದೃಷ್ಟಿಯಿಂದ ಎಂದು ಹೇಳಬೇಕೆಂದಿದ್ದೆ. ಎದುರಿಗೆ ನನ್ನ ಹೆಂಡತಿ ಶೀತಲ್ ಕುಳಿತಿದ್ದಾಳೆ, ಹಾಗಾಗಿ ಹೇಳಲಾರೆ. ಪುಕ್ಕಟೆ ಎಂದು ಹೊರಟೆ. ಕಳೆದ ವರ್ಷ ಸಂಘದ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು: ಕೈದೀಪ ಸಂಸ್ಥೆಯವರು ಫೋನಿನಲ್ಲೇ, ಕನ್ನಡದಲ್ಲೇ, ಉಚಿತವಾಗಿ ಉಯಿಲು ಬರೆಸಿಕೊಡುತ್ತಾರೆ. ಅದರಲ್ಲೇನೋ ಮೋಸವಿರಬೇಕು ಎಂದು ಹುಡುಕಿದೆ. ನಿಮ್ಮ ಆಸ್ತಿಯಲ್ಲಿ ಒಂದು ಪಾಲನ್ನು ಮನಸ್ಸಿದ್ದರೆ ಸಂಸ್ಥೆಗೂ ಬರೆಯಬಹುದು, ಒತ್ತಾಯವಿಲ್ಲ ಎಂದಿತ್ತು. ಅಷ್ಟೇ. ಸರಿ, ಒಬ್ಬ ಗಿರಾಕಿಯ ಕಾರಿಗೆ ಗ್ಯಾಸ್ ತುಂಬುತ್ತಿರುವಾಗ ಅಲ್ಲೇ ಟೈರಿನ ಮೇಲೆ ಕುಳಿತು ಶುರು ಮಾಡಿದೆ. ನಿಮ್ಮ ಹೆಸರೇನು, ಊರಿನಲ್ಲಿ ಆಸ್ತಿ ಏನಿದೆ, ಯಾರಿಗೆ ಕೊಡಬೇಕೆಂದಿದ್ದೀರಿ. ನನ್ನದು ಗದಗದಲ್ಲಿ ಒಂದು ಮನೆ, ಕೆಳಗೊಂದು ಅಂತಸ್ತು, ಮೇಲೊಂದು ಅಂತಸ್ತು. ಈ ಕುವೈತಿನ ಬಿಸಿಲಿನಲ್ಲಿ ಕಾರುಗಳ ಹೊಟ್ಟೆಯೊಳಗೆ ಕೈಹಾಕಿ ಕಟ್ಟಿಸಿದ ಮನೆ. ಮೇಲಿನದು ಮಗಳಿಗೆ, ಕೆಳಗಿನದು ಮಗನಿಗೆ. ಚಹಾ ಆರುವ ಮೊದಲೇ ಮುಗಿಯಿತು. ಇಷ್ಟಕ್ಕೆ ಜನ ಯಾಕೆ ಹೆದರುತ್ತಾರೆ ಎಂದುಕೊಂಡೆ.

ಕೊನೆಯಲ್ಲಿ ವಕೀಲರ ಜೊತೆ ಒಂದು ವಿಡಿಯೋ ಕರೆ ಇರುತ್ತದೆ. ಶುಕ್ರವಾರ ಬೆಳಿಗ್ಗೆ, ನಮ್ಮ ಫ್ಲಾಟಿನ ಊಟದ ಮೇಜಿನ ಮುಂದೆ ಕುಳಿತೆ. ಫೋನಿನಲ್ಲಿ ಕಂಡವರು ಇದೇ ನಿಖಿತಾ ಮೇಡಂ.

"ಸರ್, ಮಕ್ಕಳೆಷ್ಟು?"

"ಇಬ್ಬರ್ರಿ. ದೊಡ್ಡಾಕಿ ಸ್ನೇಹಾ, ಸಣ್ಣಾಂವ ಅಭಿನಂದನ."

"ಇಬ್ಬರೂ ನಿಮಗೆ ಹುಟ್ಟಿದ ಮಕ್ಕಳು ತಾನೆ? ಬೇಜಾರು ಮಾಡ್ಕೋಬೇಡಿ, ಎಲ್ಲರನ್ನೂ ಕೇಳ್ತೀನಿ."

"ಹೌದ್ರಿ," ಎಂದೆ.

ನನ್ನ ಬೆನ್ನ ಹಿಂದೆ ಸ್ನೇಹಾ ತನ್ನ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಿರ್ಕಾಬಿನ ಒಂದು ಟ್ರೇಡಿಂಗ್ ಕಂಪನಿಯ ಆಫೀಸಿನಲ್ಲಿ ಆಕೆಗೆ ಕೆಲಸ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು.

"ಪಪ್ಪಾ, ಲಾಯರ್ ಮುಂದ ಸುಳ್ಳು ಹೇಳಬಾರ್ದು," ಎಂದಳು. ನನ್ನ ಹೆಗಲ ಮೇಲಿನಿಂದ ಬಗ್ಗಿ, ನಗುತ್ತಲೇ, ಫೋನಿಗೆ ಹೇಳಿದಳು: "ಹಾಯ್ ಮ್ಯಾಮ್. ಐ ಆ್ಯಮ್ ಹಿಸ್ ಸ್ಟೆಪ್ ಡಾಟರ್."

ಸಭಿಕರೇ, ಆ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ನಾನಂತೂ ಈ ಊರಿನಲ್ಲಿ ಯಾರ ಎದುರಿಗೂ ಆಡಿರಲಿಲ್ಲ. ನೀವು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಶೀತಲ್‌ನನ್ನು ನೋಡಲು ಲಕ್ಷ್ಮೇಶ್ವರಕ್ಕೆ ಹೋದಾಗ ಆಕೆಯ ಮೊದಲನೆಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಗುರುಪಾದ ಹೊಸಮನಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಶಾಲೆಯಿಂದ ಬರುವಾಗ ಬೈಕಿನಿಂದ ಬಿದ್ದು ಹೋದರು. ನನಗೂ ಮದುವೆಯ ವಯಸ್ಸು ದಾಟುತ್ತಿತ್ತು, ಗಲ್ಫಿನಲ್ಲಿರುವ ಮೆಕ್ಯಾನಿಕ್ಕಿಗೆ ಹೆಣ್ಣು ಕೊಡುವವರು ಕಡಿಮೆ. ಹೆಣ್ಣು ನೋಡಲು ಹೋದವನ ಎದುರಿಗೆ ಹೆಣ್ಣಿಗಿಂತ ಮೊದಲು ಬಂದು ಕುಳಿತದ್ದು ನಾಲ್ಕು ವರ್ಷದ ಹುಡುಗಿ. ಕೈಯಲ್ಲಿ ಶೇಂಗಾ ಉಂಡಿ. ನನ್ನನ್ನು ಚೆನ್ನಾಗಿ ನೋಡಿ ಕೇಳಿತು:

"ನಿಮ್ಮ ಊರಾಗ ಎಲ್ಲಾರ ಕಾರಿನಾಗೂ ಎಸಿ ಐತಂತ. ಮತ್ತ ಅದನ್ನ ಬಿಟ್ಟು ಈ ಬಿಸಲಾಗ ಇಲ್ಲಿಗೆ ಯಾಕ ಬಂದ್ರಿ?"

ಏನು ಹೇಳಲಿ? "ನಿನ್ನ ನೋಡಾಕ ಬಂದೆ," ಎಂದೆ. ಮಗು ಅದನ್ನು ನಂಬಿಬಿಟ್ಟಿತು. ಅರ್ಧ ಉಂಡಿ ಮುರಿದು ಕೊಟ್ಟಿತು. ಮಗು ನಂಬಿದ ಮೇಲೆ ನಾವು ಹಾಗೆ ನಡೆದುಕೊಳ್ಳಬೇಕೋ ಬೇಡವೋ? ಜೊತೆಗೆ ಬಂದಿದ್ದ ನಮ್ಮ ಅವ್ವ ಬಾಳಕ್ಕ ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: "ಹೆಣ್ಣು ಛಲೋ ಅದಾಳ. ಕೂಸು ಅಜ್ಜಿ ಮನ್ಯಾಗ ಇರಲಿ, ಅಲ್ಲೇ ಬೆಳೀತೈತಿ." ನಾನು ಹೇಳಿದೆ: "ಅವ್ವಾ, ಬಂದ್ರ ಇಬ್ಬರೂ ಬರ್ತಾರ. ಇಲ್ಲಾಂದ್ರ ಯಾರೂ ಬ್ಯಾಡ." ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ, ಕ್ಷಮಿಸಬೇಕು. ನನ್ನ ಜೀವನದಲ್ಲಿ ಅವ್ವನ ಎದುರಿಗೆ ಜೋರಾಗಿ ಮಾತಾಡಿದ್ದು ಆ ಬಸ್ಸಿನಲ್ಲಿ ಮಾತ್ರ. ಕಂಡಕ್ಟರೂ ತಿರುಗಿ ನೋಡಿದ.

ಇಬ್ಬರೂ ಬಂದರು. ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಮಾಡಿಸಲು ಎಷ್ಟು ಬಾಗಿಲು ಸುತ್ತಿದೆ ಎಂದು ಹೇಳಿದರೆ ಊಟ ಆರಿಹೋಗುತ್ತದೆ. ಸ್ನೇಹಾ ಮೊದಲ ವಾರ ನನ್ನನ್ನು "ಎಸಿ ಮಾಮಾ" ಎಂದಳು. ಎರಡನೆಯ ತಿಂಗಳಿಗೆ "ಪಪ್ಪಾ" ಎಂದಳು. ತೀರಿಹೋದ ತಂದೆ ಆಕೆಗೆ "ಅಪ್ಪಾಜಿ". ಅವರ ಫೋಟೋ ಆಕೆಯ ಕೋಣೆಯಲ್ಲಿ ಇಂದಿಗೂ ಇದೆ. ದುಂಡು ಅಕ್ಷರ, ಚಿತ್ರ ಬರೆಯುವ ಕೈ, ಅವೆಲ್ಲ ಅಪ್ಪಾಜಿಯವು. ಎದುರು ಮಾತಾಡುವುದನ್ನು ಮಾತ್ರ ಎಲ್ಲಿಂದ ತಂದಳೋ ಗೊತ್ತಿಲ್ಲ. ಶೀತಲ್ ನನ್ನ ಕಡೆ ಬೆರಳು ತೋರಿಸುತ್ತಿದ್ದಾಳೆ. ಇರಲಿ.

ಈಗ ಆ ವಿಡಿಯೋ ಕರೆಗೆ ಬರೋಣ. ನಿಖಿತಾ ಮೇಡಂ ಕನ್ನಡಕ ತೆಗೆದಿಟ್ಟು ನಿಧಾನವಾಗಿ ಹೇಳಿದರು.

"ಸರ್, ಇದನ್ನ ನೀವು ಹೇಳಿದ್ದು ಒಳ್ಳೇದಾಯ್ತು. ನೀವು ಉಯಿಲು ಬರೀದೇ ಹೋದ್ರೆ ನಿಮ್ಮ ಆಸ್ತಿ ನಿಮ್ಮ ತಾಯಿಗೆ, ಹೆಂಡತಿಗೆ, ಮಗನಿಗೆ ಹೋಗತ್ತೆ. ಸ್ನೇಹಾಗೆ ನಿಮ್ಮಿಂದ ನೇರವಾಗಿ ಏನೂ ಬರೋದಿಲ್ಲ. ಕಾನೂನಿನ ಪ್ರಕಾರ ಅವರು ನಿಮ್ಮ ವಾರಸುದಾರರಲ್ಲ."

"ಅಂದ್ರ? ಆಕಿ ನನಗ ಏನೂ ಅಲ್ಲಂತೇನ್ರಿ ಕಾನೂನಿಗೆ?"

"ಮನೆಯಲ್ಲಿ ಮಗಳೇ ಸರ್. ಕಾನೂನಿನ ಲೆಕ್ಕದಲ್ಲಿ ಅಲ್ಲ. ನೀವು ದತ್ತು ತಗೊಂಡಿದ್ರೆ ಬೇರೆ ಮಾತು. ಯಾಕೆ ತಗೊಳ್ಳಲಿಲ್ಲ?"

ಯಾಕೆ ತೆಗೆದುಕೊಳ್ಳಲಿಲ್ಲ? ದತ್ತು ತೆಗೆದುಕೊಂಡರೆ ಆಕೆಯ ಹೆಸರಿನ ಮುಂದಿನ ಗುರುಪಾದ ಹೋಗುತ್ತದೆ. ಆ ಮನುಷ್ಯ ತನ್ನ ಮಗಳಿಗೆ ಬಿಟ್ಟುಹೋದದ್ದು ಆ ಹೆಸರೊಂದನ್ನೇ. ಅದನ್ನೂ ನಾನು ಕಿತ್ತುಕೊಳ್ಳಲೇ? ಹಾಗೆಂದು ಮೇಡಂಗೆ ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಸರಿ ಸರ್. ಹಾಗಾದ್ರೆ ಉಯಿಲಿನಲ್ಲಿ ಬರೀ 'ನನ್ನ ಮಗಳು' ಅಂತ ಬರೆದ್ರೆ ಸಾಲದು. ಮುಂದೆ ಯಾರಾದ್ರೂ ತಕರಾರು ತೆಗೀಬಹುದು. ಅವರು ಯಾರ ಮಗಳು, ನಿಮಗೇನಾಗಬೇಕು, ಎಲ್ಲಾ ಬಿಡಿಸಿ ಬರೀಬೇಕು. ಆಮೇಲೆ ಯಾರೂ ಅಲ್ಲಾಡಿಸೋಕಾಗಲ್ಲ."

ನೋಡಿ ಸಭಿಕರೇ, ನನ್ನ ಸಂಕಟ ನೋಡಿ. ಆಕೆಗೆ ಮಗಳ ಪಾಲು ಕೊಡಬೇಕಾದರೆ, ಆಕೆ ನನಗೆ ಹುಟ್ಟಿದವಳಲ್ಲ ಎಂದು ನನ್ನ ಕೈಯಾರೆ ಬರೆದು ಸಹಿ ಮಾಡಬೇಕು! ಆಮೇಲೆ ಮಾತಾಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಮರುದಿನ ಗ್ಯಾರೇಜಿನಲ್ಲಿ ಒಂದು ಕಾರಿಗೆ ಗ್ಯಾಸ್ ತುಂಬಿದೆ, ಪೈಪು ಬಿಗಿ ಮಾಡುವುದನ್ನು ಮರೆತೆ. ಸುಸ್ ಎಂದು ಎಲ್ಲವೂ ಗಾಳಿಗೆ ಹೋಯಿತು.

ಮನೆಯಲ್ಲಿ ಇನ್ನೊಂದು ಗಲಾಟೆ ಕಾದಿತ್ತು. ಶೀತಲ್ ಬೇಡವೇ ಬೇಡ ಎಂದಳು.

"ನಾಳೆ ನಿಮ್ಮ ಮಂದಿ ಏನಂತಾರ ಗೊತ್ತೈತೇನು? ಮಗಳನ್ನ ಕಟ್ಟಿಕೊಂಡು ಬಂದ್ಲು, ಮನೀನೂ ಬರಸಿಕೊಂಡ್ಲು ಅಂತಾರ. ನಾ ನಿಮ್ಮ ಕೂಡ ಬಂದಾಗ ಒಂದು ಮಾತು ಹೇಳಿದ್ದೆ. ನನಗ ಏನೂ ಬ್ಯಾಡ, ಕೂಸಿಗೆ ಅನ್ನ ವಿದ್ಯಾ ಕೊಡ್ರಿ ಸಾಕು ಅಂದಿದ್ದೆ. ಕೊಟ್ಟೀರಿ. ಈಗ ದುಡೀತಾಳ. ಮನಿ ಅಭಿಗೆ ಇರಲಿ."

"ಮನಿ ನಂದು. ನನ್ನ ಮಗಳಿಗೆ ಕೊಡ್ತೀನಿ."

"ನನ್ನ ಮಾನ ನಂದು," ಎಂದಳು.

ಅಲ್ಲಿಗೆ ಖಲಾಸ್. ಒಂದು ವಾರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ವಾರದ ರೊಟ್ಟಿ ಎಂದಿಗಿಂತ ತೆಳ್ಳಗಿದ್ದವು. ಅಷ್ಟು ಜೋರಾಗಿ ಬಡಿಯುತ್ತಿದ್ದಳು.

ಬೆಳಿಗ್ಗೆ ಸ್ನೇಹಾಳನ್ನು ಮಿರ್ಕಾಬಿನ ಆಫೀಸಿಗೆ ಬಿಟ್ಟು ನಾನು ಗ್ಯಾರೇಜಿಗೆ ಹೋಗುವುದು ರೂಢಿ. ಒಂದು ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಆಕೆಯೇ ಮಾತು ತೆಗೆದಳು.

"ಪಪ್ಪಾ, ಅವತ್ತು ಯಾಕ ಹೌದು ಅಂದ್ರಿ?"

"ಆ ಸ್ಟೆಪ್ಪು ಗಿಪ್ಪು ಅನ್ನೂದು ನನಗ ಸೇರೂದಿಲ್ಲವ್ವ. ನಿನ್ನ ಕಡಿಮಿ ಮಾಡಿದಂಗ ಆಗ್ತೈತಿ."

"ನಂಗೆ ಹಂಗ ಅನ್ಸೋದಿಲ್ಲ. ನಿಮ್ಗ ಅದು ಬ್ಯಾಡ್ ವರ್ಡ್. ನಂಗ ಅದು ಜಸ್ಟ್ ಟ್ರೂ." ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಅದನ್ನ ಬರೀಲಿಲ್ಲ ಅಂದ್ರ ಅಪ್ಪಾಜಿ ಇದ್ದಿದ್ದೇ ಇಲ್ಲ ಅಂದಂಗ ಆಗ್ತೈತಿ, ಪಪ್ಪಾ. ಹೀ ವಾಸ್ ದೇರ್. ಫೋಟೋ ಬಿಟ್ರ ನಂಗ ಅವರ ಮುಖಾನೂ ನೆನಪಿಲ್ಲ. ಹೆಸರು ಒಂದು ಐತಿ."

ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ನನ್ನ ಮುಂದಿನ ರಸ್ತೆ ಖಾಲಿಯಾಗಿದ್ದೂ ನನಗೆ ಕಂಡಿರಲಿಲ್ಲ. ದತ್ತು ಬೇಡವೆಂದು ನಾನು ಉಳಿಸಿಕೊಟ್ಟ ಹೆಸರು ಅದೇ ಅಲ್ಲವೇ? ಅದು ಆಕೆಗೆ ಎಷ್ಟು ಬೇಕಾಗಿದೆ ಎಂದು ಆಕೆಯ ಬಾಯಿಂದ ಕೇಳಿದ್ದು ಅಂದೇ.

ಆ ಶುಕ್ರವಾರ ಎರಡನೆಯ ಸಲ ಮೇಡಂ ಜೊತೆ ಕರೆ. ಈ ಸಲ ಮನೆಯವರೆಲ್ಲ ಮೇಜಿನ ಸುತ್ತ. ಅವ್ವ ರೋಣದಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇರುತ್ತಾಳೆ. ಆಕೆಯನ್ನೂ ಇನ್ನೊಂದು ಫೋನಿನಲ್ಲಿ ಕೂಡಿಸಿಕೊಂಡೆ. ಬಸ್ಸಿನ ಜಗಳ ನನಗೆ ನೆನಪಿತ್ತು, ಹಾಗಾಗಿ ಎದೆ ಗಟ್ಟಿ ಮಾಡಿಕೊಂಡು ವಿಷಯ ಹೇಳಿದೆ. ಮ್ಯಾಲಿನ ಮನಿ ಸ್ನೇಹಾಗ ಅವ್ವಾ, ಎಂದೆ.

"ಕೊಡು. ಯಾರು ಬ್ಯಾಡ ಅಂದ್ರು?" ಎಂದಳು ಅವ್ವ.

ಶೀತಲ್ ಮೆಲ್ಲಗೆ ಹೇಳಿದಳು: "ಅತ್ತಿ, ಮಂದಿ ಏನಂದಾರು..."

"ಯಾ ಮಂದಿ? ಆ ಹುಡುಗಿ ಇಷ್ಟು ವರ್ಷ ನನ್ನ ಕೂಡ ಫೋನಿನಾಗ ಎಷ್ಟು ಜಗಳಾ ಆಡ್ಯಾಳ, ಯಾ ಮಂದಿಗೆ ಗೊತ್ತೈತಿ? ಕೂದಲಾ ಯಾಕ ಕತ್ತರಿಸಿದಿ ಅಂತ ಬೈದ್ರ ತಿರುಗಿ ನನಗಽ ಬೈತಾಳ. ಹೊರಗಿನಾಕಿ ಆಗಿದ್ರ ಹೂಂ ಅಜ್ಜಿ, ಹೂಂ ಅಜ್ಜಿ ಅಂದು ಫೋನ್ ಇಡ್ತಿದ್ಲು. ಹಿಂಗ ಜಗಳಾ ಆಡೋರು ಮನಿ ಮಕ್ಕಳಽ." ಆಮೇಲೆ ದನಿ ಏರಿಸಿ, "ಆ ವಕೀಲಬಾಯಿ ಅದಾಳೇನು? ಕೇಳವ್ವ, ಅದರಾಗ ಬಾಳಕ್ಕನ ಮೊಮ್ಮಗಳು ಅಂತನೂ ಬರಿ," ಎಂದಳು.

ನಿಖಿತಾ ಮೇಡಂ ನಕ್ಕುಬಿಟ್ಟರು. "ಅಜ್ಜಿ, ಅದು ಬೇಕಾಗಿಲ್ಲ. ಆದ್ರೆ ಬರೆದ್ರೆ ತಪ್ಪೇನೂ ಇಲ್ಲ. ಬರೀತೀನಿ. ಪ್ರವೀಣ್ ಸರ್, ಈಗ ನೀವು ಹೇಳಿ, ಆ ವಾಕ್ಯ ಹೇಗಿರಬೇಕು?"

ನಾನು ಬಾಯಿ ತೆರೆದೆ. ಬರಲಿಲ್ಲ. ನನಗೆ ಹತ್ತಾರು ಭಾಷೆಯ ಗಿರಾಕಿಗಳ ಜೊತೆ ಚೌಕಾಸಿ ಮಾಡಲು ಬರುತ್ತದೆ. ಅರಬ್ಬಿಯಲ್ಲಿ ಬರುತ್ತದೆ, ಹಿಂದಿಯಲ್ಲಿ ಬರುತ್ತದೆ. ಆ ಒಂದು ವಾಕ್ಯ ಕನ್ನಡದಲ್ಲಿ ಬರಲಿಲ್ಲ. ಆಗ ಸ್ನೇಹಾ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು. "ನಾ ಹೇಳ್ತೀನಿ ಮ್ಯಾಮ್, ಬರ್ಕೊಳ್ರಿ," ಎಂದಳು. ಯಾವಾಗಲೂ ಇಂಗ್ಲಿಷಿಗೆ ಜಾರುವ ಹುಡುಗಿ, ಅಂದು ಒಂದೊಂದೇ ಮಾತು ಆರಿಸಿ ಹೇಳಿದಳು:

"ಸ್ನೇಹಾ, ನನ್ನ ಹೆಂಡತಿ ಶೀತಲ್‌ಗೆ ಆಕೆಯ ಮೊದಲ ಪತಿ ದಿವಂಗತ ಗುರುಪಾದ ಹೊಸಮನಿ ಅವರಿಂದ ಹುಟ್ಟಿದ ಮಗಳು. ನಾಲ್ಕನೆಯ ವಯಸ್ಸಿನಿಂದ ನಾನು ಬೆಳೆಸಿದ ಮಗಳು. ನನ್ನ ಮಗಳು."

ಮೇಡಂ ಟೈಪು ಮಾಡಿ ತಿರುಗಿ ಓದಿದರು. ಕೊನೆಯಲ್ಲಿ "ನನ್ನ ತಾಯಿ ಬಾಳಕ್ಕನವರ ಮೊಮ್ಮಗಳು" ಎಂದೂ ಸೇರಿಸಿದರು. ರೋಣದಿಂದ "ಹಾಂ, ಈಗ ಬರೋಬ್ಬರಿ ಆತು" ಎಂದು ಕೇಳಿಸಿತು.

ಸ್ನೇಹಾ ಇನ್ನೊಂದು ಮಾತು ಸೇರಿಸಿದಳು. ತನ್ನ ತಾಯಿ ಬದುಕಿರುವವರೆಗೆ ಆ ಮೇಲಿನ ಮನೆಯಲ್ಲಿ ಇರುವ ಹಕ್ಕು ತಾಯಿಗೆ ಇರಬೇಕು, ತಾನೂ ಬಿಡಿಸಬಾರದು ಎಂದು ಬರೆಯಿರಿ ಎಂದಳು. ಶೀತಲ್ ಎದ್ದು ಅಡುಗೆಮನೆಗೆ ಹೋದಳು. ಅಭಿನಂದನ ಒಬ್ಬನೇ ತಕರಾರು ತೆಗೆದವನು. "ಸೋ ಹೂ ಗೆಟ್ಸ್ ದಿ ಟೆರೇಸ್? ಕ್ರಿಕೆಟ್ ಎಲ್ಲಿ ಆಡ್ಲಿ ನಾನು?" ಎಂದ. ಟೆರೇಸು ಇಬ್ಬರಿಗೂ ಸಮನಾಗಿ ಎಂದು ಮೇಡಂ ಅದನ್ನೂ ಬರೆದರು. ಅಕ್ಕನಿಗೆ ಅರ್ಧ ಮನೆ ಹೋಗುತ್ತಿದೆ ಎಂದು ಆ ಹುಡುಗನಿಗೆ ಅನ್ನಿಸಲೇ ಇಲ್ಲ. ಟೆರೇಸು ಹೋಯಿತಲ್ಲ ಎಂದಷ್ಟೇ ಅನ್ನಿಸಿತು. ನಾನು ಅವನನ್ನು ಏನೋ ಚೆನ್ನಾಗಿ ಬೆಳೆಸಿದ್ದೇನೆ ಎಂದುಕೊಂಡೆ. ಶೀತಲ್ ಮತ್ತೆ ಬೆರಳು ತೋರಿಸುತ್ತಿದ್ದಾಳೆ, ಈ ಸಲ ತನ್ನ ಕಡೆಗೆ. ಒಪ್ಪಿದೆ.

ಆಕೆ ಅಡುಗೆಮನೆಯಿಂದ ಬಂದವಳು ಕಣ್ಣೊರೆಸಿಕೊಂಡು ಏನು ಮಾಡಿದಳು ಗೊತ್ತೇ? ತನ್ನ ಫೋನ್ ತೆಗೆದುಕೊಂಡು ಮಗಳ ಮುಂದೆ ಇಟ್ಟಳು. "ನಂದೂ ಒಂದು ಬರಿ. ನನ್ನ ಬಂಗಾರದ ಪಾಟ್ಲಿ, ಬಿಲ್ವಾರ, ತವರಮನಿಯವರು ಹಾಕಿದ ಸರ, ಎಲ್ಲಾ ಅಭಿನಂದನಗ," ಎಂದಳು. ನನ್ನ ಕಡೆ ನೋಡಿ, "ನೀವು ನನ್ನ ಮಗಳಿಗೆ ಕೊಟ್ರಿ. ನಾ ನಿಮ್ಮ ಮಗಗ ಕೊಡ್ತೀನಿ. ಯಾರೇನಂತಾರ ನೋಡೂಣು," ಎಂದಳು. ಅದು ಸೋಲೊಪ್ಪಿಕೊಂಡದ್ದೋ, ನನ್ನನ್ನು ಸೋಲಿಸಿದ್ದೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಆ ರಾತ್ರಿ ರೊಟ್ಟಿ ಮಾತ್ರ ದಪ್ಪಗೆ, ಮೆತ್ತಗೆ ಬಂದವು.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಆದರೆ ಪಾಲು ಪಡೆಯದ ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಹಾಕಬೇಕು, ಅವರೂ ಹಾಕಬೇಕು. ಇದನ್ನು ನೆನಪಿಡಿ, ಎಷ್ಟೋ ಜನ ಇಲ್ಲೇ ಎಡವುತ್ತಾರಂತೆ. ನಾನು ಗ್ಯಾರೇಜಿಗೆ ಹಾಳೆ ತೆಗೆದುಕೊಂಡು ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಯೂಸುಫರನ್ನೂ, ಎದುರಿನ ಶೆಡ್ಡಿನಲ್ಲಿ ಕಾರಿಗೆ ಬಣ್ಣ ಹೊಡೆಯುವ ಕೊರಗಪ್ಪನವರನ್ನೂ ಕರೆದೆ. ಸಾಕ್ಷಿಗಳು ಒಳಗಿನದ್ದನ್ನು ಓದಬೇಕಾಗಿಲ್ಲ. ಆದರೂ ನಾನೇ ಓದಿ ಎಂದೆ. ಹೊರಗಿನವರಿಗೆ ಮೊದಲ ಸಲ ಹೇಳುವುದಾದರೆ ಇವರಿಗೇ ಹೇಳಬೇಕು ಎಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಕೊರಗಪ್ಪನವರು ಕೈ ಒರೆಸಿಕೊಂಡು, ಓದಿ, ಹಾಳೆಯನ್ನು ಯೂಸುಫರಿಗೆ ಕೊಟ್ಟರು. ಅವರೂ ಓದಿದರು. ಇಬ್ಬರ ಮುಖದಲ್ಲೂ ಏನೂ ಇಲ್ಲ.

"ಪೆನ್ನು ಕೊಡಿ ಮಾರಾಯ್ರೆ," ಎಂದರು ಕೊರಗಪ್ಪ.

"ಅಲ್ಲ, ಸ್ನೇಹಾನ ವಿಷಯ ಓದಿದ್ರಲ್ಲಾ..."

"ಓದಿದೆ. ಅದು ನಮಗೆ ಗೊತ್ತುಂಟಲ್ಲ."

"ಗೊತ್ತಿತ್ತಾ! ಯಾರು ಹೇಳಿದ್ರು?"

"ಅವಳೇ," ಎಂದರು ಯೂಸುಫ್. "ಸಣ್ಣವಳಿರುವಾಗ ಶಾಲೆ ಬಿಟ್ಟು ಇಲ್ಲಿ ಬಂದು ಕೂತ್ಕೊಳ್ತಿದ್ಲಲ್ಲ. ನಂಗೆ ಇಬ್ರು ಅಪ್ಪ, ಒಬ್ರು ಫೋಟೋದಲ್ಲಿ, ಒಬ್ರು ಕಾರಿನ ಅಡಿಯಲ್ಲಿ ಅಂತ ಎಲ್ಲರ ಹತ್ರ ಹೇಳಿಕೊಂಡು ತಿರುಗ್ತಿದ್ಲು. ಅವಳಿಗೆ ಅದು ದೊಡ್ಡ ಗಮ್ಮತ್ತು. ನಿಮಗೇ ಹೇಳ್ಲಿಕ್ಕೆ ಮನಸ್ಸಿಲ್ಲ ಅಂತ ನಾವು ಸುಮ್ಮನಿದ್ದೆವು."

ಸಭಿಕರೇ, ನಾನು ವರ್ಷಾನುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದ ಗುಟ್ಟು ಇಡೀ ಶುವೈಖಿಗೆ ಗೊತ್ತಿತ್ತು! ನೀವು ನಗುತ್ತಿದ್ದೀರಿ. ನಗಿರಿ. ಆದರೆ ಈ ನಗು ಬೇರೆ ಥರ ಇದೆಯಲ್ಲ? ಮುಂದಿನ ಸಾಲಿನವರು ಯಾಕೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ? ಅಧ್ಯಕ್ಷರೇ, ನೀವು ತಲೆ ಆಡಿಸುತ್ತಿದ್ದೀರಾ? ನಿಮಗೂ ಗೊತ್ತಿತ್ತೇ? ಪದ್ಮಮ್ಮನವರೇ, ನಿಮಗೂ? ಸರಿ. ಹಾಗಾದರೆ ಇದು ಎಲ್ಲರಿಗೂ ಗೊತ್ತಿದೆ ಎಂದು ಗೊತ್ತಿಲ್ಲದ ಮನುಷ್ಯ ಈ ಸಭಾಂಗಣದಲ್ಲಿ ಒಬ್ಬನೇ ಇದ್ದ ಹಾಗಾಯಿತು. ಆ ಮನುಷ್ಯ ನಾನೇ.

ಸ್ವಲ್ಪ ನೀರು ಕುಡಿಯುತ್ತೇನೆ.

ಆ ಮೇಲೆ ಏನಾಯಿತೆಂದು ನಿಮಗೆ ಗೊತ್ತಿದೆ. ನನ್ನ ಉಯಿಲು ಮುಗಿದರೂ ಸ್ನೇಹಾ ಅದನ್ನು ಬಿಡಲಿಲ್ಲ. ಶುಕ್ರವಾರ ಬಂತೆಂದರೆ ಸಂಘದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಕನ್ನಡ ಓದಲು ಬಾರದವರಿಗೆ ಓದಿ ಹೇಳಿದಳು, ಟೈಪು ಮಾಡಲು ಬಾರದವರಿಗೆ ಮಾಡಿಕೊಟ್ಟಳು. ಡ್ರೈವರುಗಳು ಬಂದರು, ನರ್ಸುಗಳು ಬಂದರು, ಬ್ಯಾಂಕಿನವರೂ ಬಂದರು. ಅವರು ಏನು ಬರೆಸಿದರೆಂದು ಆಕೆ ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟಿಲ್ಲ. ನಾನು ಕೇಳಿ ಕೇಳಿ ಸೋತಿದ್ದೇನೆ. ಒಂದು ಸಂಗತಿ ಮಾತ್ರ ನನ್ನ ಕಣ್ಣಾರೆ ಕಂಡದ್ದು. ಒಂದು ಶುಕ್ರವಾರ ಆಕೆಯನ್ನು ಕರೆತರಲು ಹೋಗಿದ್ದೆ. ಭೋಜ ಎಂಬ ಟ್ರೇಲರ್ ಡ್ರೈವರೊಬ್ಬರು ಅವಳ ಮುಂದೆ ಕುಳಿತು ಒಂದೇ ಸಮನೆ ಬೆವರುತ್ತಿದ್ದರು, ಎಸಿ ಚೆನ್ನಾಗಿಯೇ ಓಡುತ್ತಿತ್ತು. ಯಾರದೋ ಹೆಸರು ಹೇಳಲು ಅವರ ಬಾಯಿಗೆ ಬರುತ್ತಿರಲಿಲ್ಲ. ಸ್ನೇಹಾ ಲ್ಯಾಪ್‌ಟಾಪ್ ಮುಚ್ಚಿ, ಚಹಾ ತರಿಸಿಕೊಟ್ಟಳು. ಆಮೇಲೆ ಹೇಳಿದಳು: "ಅಂಕಲ್, ನಮ್ಮ ಪಪ್ಪಾಗೂ ಬರ್ಲಿಲ್ಲ. ಟೈಮ್ ತಗೊಳ್ರಿ." ನಾನು ಬಾಗಿಲ ಹೊರಗೇ ನಿಂತೆ. ಒಳಗೆ ಹೋಗಲಿಲ್ಲ. ನನ್ನ ಮಗಳು ಕೆಲಸದಲ್ಲಿದ್ದಳು.

ಇನ್ನೂ ಬರೆಯದವರು ಈ ವಾರವೇ ಬರೆಯಿರಿ. ನಿಮ್ಮ ಮನೆಯಲ್ಲಿಯೂ ಕಾನೂನಿಗೆ ಗೊತ್ತಿಲ್ಲದ, ನಿಮಗೆ ಮಾತ್ರ ಗೊತ್ತಿರುವ ಯಾರೋ ಒಬ್ಬರು ಇರಬಹುದು. ಅವರ ಹೆಸರು ಬರೆಯಿರಿ. ಬಾಯಿಗೆ ಬರದಿದ್ದರೆ ಶುಕ್ರವಾರ ಈಕೆಯ ಹತ್ತಿರ ಹೋಗಿ.

ಅಧ್ಯಕ್ಷರು ಈಗ ಗಡಿಯಾರ ನೋಡುವುದನ್ನೂ ಬಿಟ್ಟಿದ್ದಾರೆ, ಆದ್ದರಿಂದ ನಾನೇ ಮುಗಿಸುತ್ತೇನೆ. ಸನ್ಮಾನಿತರ ತಂದೆಯಿಂದ ಕೃತಜ್ಞತೆಯ ಮಾತು ಎಂದು ಆಮಂತ್ರಣದಲ್ಲಿದೆ. ಹಾಗಿದ್ದ ಮೇಲೆ ಇನ್ನೊಬ್ಬರನ್ನು ಸಂಬೋಧಿಸದೆ ಮುಗಿಸುವುದು ಸಭಾಮರ್ಯಾದೆಯಲ್ಲ.

ಈ ಸಭೆಯಲ್ಲಿ ಇಲ್ಲದ ಮಾನ್ಯ ಗುರುಪಾದ ಹೊಸಮನಿ ಮಾಸ್ತರರೇ,

ನಿಮ್ಮ ಮಗಳಿಗೆ ಇವತ್ತು ಕುವೈತಿನಲ್ಲಿ ಶಾಲು ಹೊದಿಸಿದರು. ನಿಮ್ಮ ಹೆಸರು ಸೇರಿಸಿ ಕೂಗಿದರು, ಈ ಸಭಾಂಗಣ ತುಂಬ ಚಪ್ಪಾಳೆ ತಟ್ಟಿದರು. ನೀವು ಇದ್ದಿದ್ದರೆ ಈ ಮೈಕಿನ ಮುಂದೆ ನೀವು ನಿಲ್ಲುತ್ತಿದ್ದಿರಿ, ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಿರಿ. ನೀವಿಲ್ಲದ್ದರಿಂದ ನಾನು ನಿಂತಿದ್ದೇನೆ. ಹುಡುಗಿ ಚೆನ್ನಾಗಿದ್ದಾಳೆ.

ಸಭಿಕರೇ, ನಮ್ಮ ಮಗಳನ್ನು ಗೌರವಿಸಿದ ನಿಮಗೆಲ್ಲ ಅವರ ಪರವಾಗಿ ಒಂದು, ನನ್ನ ಪರವಾಗಿ ಒಂದು, ಎರಡು ನಮಸ್ಕಾರ.